ಬೀಟ್‌ರೂಟ್ ಕುಡಿ, ಮಾತ್ರೆ ಬಿಡಬೇಡ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಉಳಿದ ಸುದ್ದಿಗೆಲ್ಲ ಆಮೇಲೆ ಬರೆಯುತ್ತೇನೆ. ಬಸುರಿ ನೀನು, ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿ ಬರೀ 9.2 ಅಂತೆ, ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ, ಅದಕ್ಕೇ ಮಾತ್ರೆ ಬಿಟ್ಟು ದಿನಾ ಬೀಟ್‌ರೂಟ್ ಜ್ಯೂಸ್ ಕುಡಿಯುತ್ತಿದ್ದೀಯಂತೆ. ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಬೀಟ್‌ರೂಟ್ ಒಳ್ಳೆಯದಾ, ಪಾಲಕ್ ಒಳ್ಳೆಯದಾ ಅಂತ ಕೇಳಿದ್ದೀಯ. ಬೀಟ್‌ರೂಟ್ ಕೆಂಪಗಿರೋದು ಬೀಟಾನಿನ್ ಅನ್ನೋ ಬಣ್ಣದಿಂದ. ಅದಕ್ಕೂ ನಮ್ಮ ರಕ್ತಕ್ಕೂ ಸಂಬಂಧವಿಲ್ಲ ಕಂದಾ. 100 ಗ್ರಾಂ ಹಸಿ ಬೀಟ್‌ರೂಟಿನಲ್ಲಿ ಕಬ್ಬಿಣ ಸುಮಾರು 0.8 ಮಿಲಿಗ್ರಾಂ. ಅಷ್ಟೇ ತೂಕದ ಪಾಲಕ್‌ನಲ್ಲಿ 2.7. ಫೋಲೇಟ್ ಅನ್ನೋ ವಿಟಮಿನ್, ರಕ್ತ ಆಗೋಕೆ ಅದೂ ಬೇಕು, ಎರಡರಲ್ಲೂ ಚೆನ್ನಾಗಿದೆ, ಪಾಲಕ್‌ನಲ್ಲಿ ಇನ್ನೂ ಜಾಸ್ತಿ. ಹಾಗಂತ ಮಾತ್ರೆಯ ಜಾಗಕ್ಕೆ ಪಾಲಕ್ ಬರುತ್ತೆ ಅಂದುಕೊಳ್ಳಬೇಡ. ಸೊಪ್ಪು ತರಕಾರಿಯ ಕಬ್ಬಿಣದಲ್ಲಿ ಮೈಗೆ ಹತ್ತೋದೇ ಸ್ವಲ್ಪ. ಗರ್ಭಿಣಿಯರಿಗೆ ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣ ಮಾತ್ರೆಯಲ್ಲೇ ಕೊಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಅರ್ಧ ಕಿಲೋ ಪಾಲಕ್ ತಿಂದರೂ 14 ಮಿಲಿಗ್ರಾಂ ದಾಟಲ್ಲ. ಜ್ಯೂಸಿನಿಂದ ಅದೆಲ್ಲಿ ಬರಬೇಕು?

ಅಕ್ಕನ ಕಥೆ ನಿನಗೆ ಗೊತ್ತು, ಅದನ್ನು ಮತ್ತೆ ಬರೆಯಲ್ಲ. ಆದರೆ ಅದಕ್ಕೂ ಮೊದಲಿನದ್ದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅವಳ ದಿಂಬಿನ ಕೆಳಗೆ ಬಳಪದ ಚೂರುಗಳು ಇರುತ್ತಿದ್ದವು. ಕದ್ದು ತಿನ್ನುತ್ತಿದ್ದಳು. ಬಸುರಿ ಬಯಕೆ ಅಂತ ಮನೆಯವರೆಲ್ಲ ನಗುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳುಚಿಕೊಂಡಿತ್ತು. ಮಣ್ಣು, ಬಳಪ ತಿನ್ನಬೇಕು ಅನ್ನಿಸೋದು ಎಷ್ಟೋ ಸಲ ಕಬ್ಬಿಣ ಕಡಿಮೆಯಾದಾಗ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆ ಮನೆಯಲ್ಲಿ ಒಬ್ಬರಿಗಾದರೂ ಅದು ಗೊತ್ತಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ. ನಿನಗೂ ಹಾಗೇನಾದರೂ ತಿನ್ನಬೇಕು ಅನ್ನಿಸುತ್ತಾ? ಮುಚ್ಚಿಡಬೇಡ.

ಹೆದರಿಸೋಕೆ ಬರೆಯುತ್ತಿಲ್ಲ. ಆದರೂ ಹೇಳಲೇಬೇಕು. ರಕ್ತ ತೀರಾ ಕಡಿಮೆಯಿದ್ದರೆ ಮಗು ತೂಕ ಕಡಿಮೆ ಹುಟ್ಟಬಹುದು, ದಿನ ತುಂಬೋ ಮೊದಲೇ ಹುಟ್ಟಬಹುದು. ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳೋ ಶಕ್ತಿ ನಿನಗೇ ಇರಲ್ಲ. ಅದಕ್ಕೇ ಮತ್ತೆ ಮತ್ತೆ ಮಾತ್ರೆ ಮಾತ್ರೆ ಅಂತ ನಿನ್ನ ತಲೆ ತಿನ್ನುತ್ತಿದ್ದೇನೆ.

ವಾಕರಿಕೆ ನಿಜ, ನಿನ್ನದು ನೆಪ ಅಂತ ನಾನು ಹೇಳಲ್ಲ. ಊಟ ಆದ ಮೇಲೆ, ಇಲ್ಲಾ ರಾತ್ರಿ ಮಲಗುವಾಗ ತಗೊಂಡು ನೋಡು. ಕೆಲವರಿಗೆ ಅದರಿಂದ ಕಡಿಮೆಯಾಗುತ್ತೆ. ಮಲ ಕಪ್ಪಗಾದರೆ ಗಾಬರಿಯಾಗಬೇಡ, ಈ ಮಾತ್ರೆಗೆ ಹಾಗಾಗೋದು ಸಹಜ. ಟೀ ಕಾಫಿ ಮಾತ್ರೆಯ ಹತ್ತಿರ ಬೇಡ, ಒಂದೆರಡು ಗಂಟೆ ಬಿಟ್ಟು ಕುಡಿ. ಪಾಲಕ್ ಬೇಯಿಸಿ ಮೇಲೆ ನಿಂಬೆಹಣ್ಣು ಹಿಂಡು, ಹುಳಿಯಲ್ಲಿರೋ ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಬೀಟ್‌ರೂಟ್ ಇಷ್ಟ ಅಂದರೆ ಧಾರಾಳವಾಗಿ ತಿನ್ನು, ನಾನ್ಯಾಕೆ ಬೇಡ ಅನ್ನಲಿ. ಮೂತ್ರ ಕೆಂಪಗೆ ಹೋದರೆ ಅದೂ ಬೀಟ್‌ರೂಟಿನ ಬಣ್ಣವೇ ಇರಬಹುದು. ನಾನೇನು ಡಾಕ್ಟರಲ್ಲ, ಜಾಸ್ತಿ ಹೇಳಿದರೆ ನಿನಗೂ ಬೇಜಾರು.

ಆದರೆ ನಾಳೆಯೇ ಡಾಕ್ಟರ ಹತ್ತಿರ ಹೋಗು. ಮಾತ್ರೆ ಬಿಟ್ಟಿದ್ದೇನೆ ಅಂತ ಬಾಯಿಬಿಟ್ಟು ಹೇಳು. ಬೈಯುತ್ತಾರೆ ಅಂತ ಸುಮ್ನೆ ಇರಬೇಡ. ಬೇರೆ ಥರದ ಮಾತ್ರೆ ಇದೆ, ಆಗದವರಿಗೆ ಡ್ರಿಪ್‌ನಲ್ಲೂ ಕೊಡುತ್ತಾರೆ. ಏನಂದರು ಅಂತ ಅವತ್ತೇ ನನಗೆ ತಿಳಿಸು.

ನಿನ್ನ,
ದೊಡ್ಡಮ್ಮ