ಜೆಫರ್ಸನ್ ಊರಿನ ವೈದ್ಯರಿಗೂ ಒಂದು ಸಾಲು ಸಲ್ಲಬೇಕಿತ್ತು

ಮಾನ್ಯ ಸಂಪಾದಕರೇ,

ವಿಶ್ವ ಅರಿವಳಿಕೆ ದಿನದ ನಿಮಿತ್ತ ತಾವು ಅಕ್ಟೋಬರ್ 16ರ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ನನಗೆ, ನಮ್ಮ ಕೆಲಸದ ಬಗ್ಗೆ ಪತ್ರಿಕೆಯೊಂದು ಅರ್ಧ ಪುಟ ಮೀಸಲಿಟ್ಟದ್ದು ಸಂತೋಷ ತಂದಿದೆ. ಆದರೆ ಆವಿ ಮೂಸಿದರೆ ಎಚ್ಚರ ತಪ್ಪಿಸುವ ಈಥರ್ ಎಂಬ ದ್ರವವನ್ನು ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆ ಮೊದಲು ನಡೆದದ್ದು 1846ರಲ್ಲಿ, ಬಾಸ್ಟನ್ನಿನಲ್ಲಿ, ದಂತವೈದ್ಯ ವಿಲಿಯಂ ಮಾರ್ಟನ್ ಅವರಿಂದ ಎಂದು ಲೇಖನದಲ್ಲಿ ಹೇಳಿರುವುದು ಸರಿಯಲ್ಲ. ಅದು ಮೊದಲು ಸಾರ್ವಜನಿಕವಾಗಿ, ಹಿರಿಯ ವೈದ್ಯರ ಎದುರಿನಲ್ಲಿ ನಡೆದದ್ದು ಅಂದು. ಅದಕ್ಕೂ ನಾಲ್ಕೂವರೆ ವರ್ಷ ಹಿಂದೆ, 1842ರ ಮಾರ್ಚ್ 30ರ ಸಂಜೆ, ಅಮೆರಿಕದ ಜಾರ್ಜಿಯಾ ರಾಜ್ಯದ ಜೆಫರ್ಸನ್ ಎಂಬ ಪುಟ್ಟ ಊರಿನಲ್ಲಿ ಕ್ರಾಫರ್ಡ್ ವಿಲಿಯಮ್ಸನ್ ಲಾಂಗ್ ಎಂಬ ವೈದ್ಯರು ಅದೇ ಕೆಲಸವನ್ನು ಮಾಡಿ ಮುಗಿಸಿದ್ದರು. ಅವರ ಬದುಕನ್ನು ನಮ್ಮ ಓದುಗರು ಅರಿಯಲಿ ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಲಾಂಗ್ ಹುಟ್ಟಿದ್ದು 1815ರಲ್ಲಿ, ಅದೇ ರಾಜ್ಯದ ಡೇನಿಯಲ್ಸ್‌ವಿಲ್‌ನಲ್ಲಿ. ಜಾರ್ಜಿಯಾದಲ್ಲೇ ಇರುವ ಅಥೆನ್ಸ್ ಪಟ್ಟಣದ ಕಾಲೇಜಿನಲ್ಲಿ ಓದುವಾಗ ಅವರೊಂದಿಗೆ ಒಂದೇ ಕೋಣೆಯಲ್ಲಿದ್ದವರು ಅಲೆಕ್ಸಾಂಡರ್ ಸ್ಟೀಫನ್ಸ್. ಈತ ಮುಂದೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ ಉಪಾಧ್ಯಕ್ಷರಾದರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ 1839ರಲ್ಲಿ ವೈದ್ಯ ಪದವಿ ಪಡೆದ ಲಾಂಗ್, ನ್ಯೂಯಾರ್ಕಿನಲ್ಲಿ ಶಸ್ತ್ರಚಿಕಿತ್ಸೆಯ ಅಭ್ಯಾಸವನ್ನೂ ಮಾಡಿ, 1841ರಲ್ಲಿ ಜೆಫರ್ಸನ್ನಿಗೆ ಬಂದು ನೆಲೆಸಿದರು.

ಆ ಕಾಲದಲ್ಲಿ ಈಥರ್ ಆವಿಯನ್ನು ಮೂಸಿ ಅಮಲೇರಿಸಿಕೊಂಡು ನಗುವುದು ಯುವಕರಿಗೆ ಒಂದು ವಿನೋದವಾಗಿತ್ತು. ಇಂಥ ಕೂಟಗಳಲ್ಲಿ ಎಡವಿ ಬಿದ್ದು ಮೈಕೈ ತರಚಿಕೊಂಡವರಿಗೆ ಪೆಟ್ಟಾದದ್ದೇ ತಿಳಿಯುತ್ತಿರಲಿಲ್ಲ. ಲಾಂಗ್ ಇದನ್ನು ಇತರರಲ್ಲಿಯೂ ತಮ್ಮ ಮೈಮೇಲೂ ಗಮನಿಸಿದರು. ಕತ್ತಿನ ಹಿಂಭಾಗದಲ್ಲಿ ಎರಡು ಗಂಟುಗಳಿದ್ದ ಜೇಮ್ಸ್ ವೆನಬಲ್ ಎಂಬ ಯುವಕ, ನೋವಿಗೆ ಹೆದರಿ ಅವುಗಳನ್ನು ತೆಗೆಸಿಕೊಳ್ಳುವುದನ್ನು ಮುಂದೂಡುತ್ತಲೇ ಬಂದಿದ್ದ. ಈಥರ್ ಮೂಸುವ ರೂಢಿಯಿದ್ದ ಅವನಿಗೆ ಟವೆಲ್ಲಿನ ಮೇಲೆ ಈಥರ್ ಸುರಿದು ಮೂಸಲು ಕೊಟ್ಟು, ಅಂದು ಸಂಜೆ ಲಾಂಗ್ ಒಂದು ಗಂಟನ್ನು ಕೊಯ್ದು ತೆಗೆದರು. ಎಚ್ಚರಗೊಂಡ ವೆನಬಲ್, ಗಂಟನ್ನು ಕಣ್ಣಿಗೆ ತೋರಿಸುವ ತನಕ ಶಸ್ತ್ರಚಿಕಿತ್ಸೆ ಮುಗಿದಿದೆಯೆಂದು ನಂಬಲಿಲ್ಲವಂತೆ. ವೈದ್ಯರ ಲೆಕ್ಕದ ಪುಸ್ತಕದಲ್ಲಿ ಈಥರೂ ಸೇರಿ ಎರಡು ಡಾಲರ್ ಎಂದು ಬರೆದಿದೆ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ನನ್ನ ಮೊದಲ ವರ್ಷಗಳು ನೆನಪಾಗುತ್ತವೆ. ಅರಿವಳಿಕೆ ಅನಿಲ ಕೊಡುವ ಬಾಯ್ಲ್ಸ್ ಯಂತ್ರವಿಲ್ಲದ ಆಸ್ಪತ್ರೆಯಲ್ಲಿ, ತಂತಿಯ ಮುಖವಾಡದ ಮೇಲೆ ಗಾಜ್ ಬಟ್ಟೆಯನ್ನು ಪದರಪದರವಾಗಿ ಹಾಸಿ, ಬಾಟಲಿಯಿಂದ ಈಥರನ್ನು ಹನಿಹನಿಯಾಗಿ ಬೀಳಿಸುತ್ತ, ಇನ್ನೊಂದು ಕೈಯನ್ನು ರೋಗಿಯ ದವಡೆಯಿಂದ ತೆಗೆಯದೆ ಉಸಿರಾಟ ಎಣಿಸುತ್ತ ನಿಲ್ಲುತ್ತಿದ್ದೆವು. ಮನೆಗೆ ಹೋಗಿ ಸ್ನಾನ ಮಾಡಿದರೂ ಸೀರೆಯ ಸೆರಗಿನಿಂದ ಆ ವಾಸನೆ ಹೋಗುತ್ತಿರಲಿಲ್ಲ. ಹರ್ನಿಯಾ ಆಪರೇಷನ್ ಮುಗಿಸಿ ವಾರ್ಡಿಗೆ ತಂದ ಅಡಿಕೆ ತೋಟದ ಆಳೊಬ್ಬರು ಕಣ್ತೆರೆದವರೇ, "ಡಾಕ್ಟ್ರಮ್ಮ, ಇನ್ನೂ ಎಷ್ಟೊತ್ತಿಗೆ ಶುರು ಮಾಡ್ತೀರಿ?" ಎಂದು ಕೇಳಿದ್ದರು. ಅವರ ಕೈಹಿಡಿದು ಬ್ಯಾಂಡೇಜನ್ನು ಮುಟ್ಟಿಸಿ ತೋರಿಸಬೇಕಾಯಿತು.

ಇಷ್ಟೆಲ್ಲ ಮಾಡಿದ ಲಾಂಗ್ ಅದನ್ನು ಪ್ರಕಟಿಸಿದ್ದು 1849ರಲ್ಲಿ, ಅಂದರೆ ಏಳು ವರ್ಷಗಳ ಬಳಿಕ. ಅಷ್ಟರಲ್ಲಿ ಬಾಸ್ಟನ್ನಿನ ಸುದ್ದಿ ಯುರೋಪಿಗೂ ಮುಟ್ಟಿಯಾಗಿತ್ತು. ಹಳ್ಳಿಗಾಡಿನ ವೈದ್ಯರಿಗೆ ವರ್ಷಕ್ಕೆ ಸಿಗುತ್ತಿದ್ದ ಶಸ್ತ್ರಚಿಕಿತ್ಸೆಗಳೇ ಒಂದೆರಡು. ನೋವು ತಿಳಿಯದಿದ್ದುದು ಈಥರಿನಿಂದಲೋ, ಆಗ ಬಹಳ ಸುದ್ದಿಯಲ್ಲಿದ್ದ ಸಮ್ಮೋಹನದಂತೆ ರೋಗಿಯ ಕಲ್ಪನೆಯಿಂದಲೋ ಎಂಬುದನ್ನು ಖಚಿತ ಮಾಡಿಕೊಳ್ಳದೆ ಬರೆಯಲು ತಾವು ಒಪ್ಪಲಿಲ್ಲವೆಂದು ಅವರು ವಿವರಿಸಿದ್ದಾರೆ. ಅವರ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಏಳು ವರ್ಷಗಳಲ್ಲಿ ಮೊದಲ ನಾಲ್ಕೂವರೆ ವರ್ಷ ಬೇರೆ ಊರುಗಳ ರೋಗಿಗಳು ಎಚ್ಚರವಿದ್ದಂತೆಯೇ ಕೊಯ್ಸಿಕೊಳ್ಳುತ್ತಿದ್ದರು ಎಂಬುದನ್ನು ಮರೆಯಲಾರೆ. ಹೊಸ ಸಂಗತಿಯನ್ನು ಜಗತ್ತಿಗೆಲ್ಲ ತಿಳಿಯುವಂತೆ ಮಾಡಿದ ಶ್ರೇಯಸ್ಸು ಬಾಸ್ಟನ್ನಿಗೇ ಸಲ್ಲಬೇಕು, ಅದರಲ್ಲಿ ತಕರಾರಿಲ್ಲ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಪತ್ರವೂ ಅರ್ಧ ಸತ್ಯವೇ ಆದೀತು. ಲಾಂಗ್ ಗುಲಾಮರನ್ನು ಇಟ್ಟುಕೊಂಡಿದ್ದವರು. 1842ರ ಜುಲೈಯಲ್ಲಿ ಅವರು ಈಥರ್ ಕೊಟ್ಟು ಕಾಲ್ಬೆರಳನ್ನು ಕತ್ತರಿಸಿದ್ದು ಒಬ್ಬ ಕಪ್ಪು ಹುಡುಗನದು. ಮುಂದೆ 1845ರಲ್ಲಿ ಇನ್ನೊಬ್ಬ ಕಪ್ಪು ಹುಡುಗನ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂದಾಗ, ಒಂದಕ್ಕೆ ಈಥರ್ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿ ನೋಡಿದರು. ಮೊದಲನೆಯದು ಹುಡುಗನಿಗೆ ತಿಳಿಯಲಿಲ್ಲ, ಎರಡನೆಯದರಲ್ಲಿ ನರಳಿದ ಎಂದು ಅವರೇ ಬರೆದಿದ್ದಾರೆ. ಮಹಿಳೆಯೊಬ್ಬರ ತಲೆಯ ಮೂರು ಗಂಟುಗಳ ವಿಷಯದಲ್ಲಿಯೂ ಇಂಥದೇ ಹೋಲಿಕೆ ನಡೆದಿತ್ತು ನಿಜ. ಆದರೂ ಬೇಡವೆನ್ನುವ ಹಕ್ಕೇ ಇಲ್ಲದ ಮಗುವಿನ ಆ ಎರಡನೆಯ ಬೆರಳಿನ ವಿಷಯ ಓದುವಾಗ, ದವಡೆ ಹಿಡಿದು ನಿಂತ ಕೈ ನನ್ನದೇ ಎನಿಸಿ ಸಂಕಟವಾಗುತ್ತದೆ. ನಾವು ಅರಿವಳಿಕೆಯ ಚರಿತ್ರೆಯನ್ನು ಹೇಳುವಾಗ ಆ ಹುಡುಗರನ್ನೂ ಹೇಳಬೇಕು.

ವೆನಬಲ್‌ನ ಶಸ್ತ್ರಚಿಕಿತ್ಸೆ ನಡೆದ ವರ್ಷದ ಆಗಸ್ಟಿನಲ್ಲಿಯೇ ಲಾಂಗ್ ಅವರು ಮೇರಿ ಕ್ಯಾರೊಲಿನ್ ಸ್ವೇನ್ ಅವರನ್ನು ಮದುವೆಯಾದರು. ಈ ದಂಪತಿಗೆ ಹನ್ನೆರಡು ಮಕ್ಕಳು. 1845ರ ಕೊನೆಯಲ್ಲಿ ಎರಡನೆಯ ಹೆರಿಗೆಯ ಸಮಯದಲ್ಲಿ ಲಾಂಗ್ ತಮ್ಮ ಪತ್ನಿಗೇ ಈಥರ್ ಕೊಟ್ಟರೆಂದು ಅವರ ಜೀವನವೃತ್ತಾಂತಗಳು ಹೇಳುತ್ತವೆ. ಎಡಿನ್‌ಬರೊದಲ್ಲಿ ಈ ವಿಷಯದಲ್ಲಿ ಮೊದಲಿಗರೆಂದು ಹೆಸರಾದ ವೈದ್ಯ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಈಥರ್ ಬಳಸಿದ್ದು 1847ರಲ್ಲಿ. ಕುಟುಂಬ 1851ರ ಹೊತ್ತಿಗೆ ಅಥೆನ್ಸ್ ಪಟ್ಟಣಕ್ಕೆ ಬಂದಿತು. ಅಲ್ಲಿ ಲಾಂಗ್ ತಮ್ಮ ಸಹೋದರನೊಂದಿಗೆ ಔಷಧಿ ಅಂಗಡಿಯನ್ನೂ ನಡೆಸಿದರು. ಅರಿವಳಿಕೆಯ ಶ್ರೇಯಸ್ಸಿಗಾಗಿ ಮಾರ್ಟನ್, ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಜಾಕ್ಸನ್, ದಂತವೈದ್ಯ ಹೊರೇಸ್ ವೆಲ್ಸ್ ಇವರ ನಡುವೆ ನಡೆದ ಕಚ್ಚಾಟ ಅವರವರ ಬದುಕನ್ನೇ ನುಂಗಿತು. ಲಾಂಗ್ ಸಾಕ್ಷಿಗಳಿಂದ ಪ್ರಮಾಣಪತ್ರ ಬರೆಸಿಟ್ಟುಕೊಂಡು, ರೋಗಿಗಳನ್ನು ನೋಡುತ್ತ ಉಳಿದರು. 1878ರ ಜೂನ್ 16ರಂದು ಅವರು ಕುಸಿದು ತೀರಿಕೊಂಡದ್ದು ಕೂಡ ಬಾಣಂತಿಯ ಮನೆಯಲ್ಲಿ, ಹೆರಿಗೆ ಮಾಡಿಸಿದ ಬೆನ್ನಿಗೆ. ತಂದೆಯ ಹಕ್ಕನ್ನು ಮಕ್ಕಳು ಕೈಬಿಡಲಿಲ್ಲ. ಮಗಳು ಫ್ರಾನ್ಸಿಸ್ ಲಾಂಗ್ ಟೇಲರ್ ಬರೆದ ಅವರ ಜೀವನಚರಿತ್ರೆ 1928ರಲ್ಲಿ ಅಚ್ಚಾಯಿತು. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ ಜಾರ್ಜಿಯಾದ ಪರವಾಗಿ ನಿಲ್ಲಿಸಿದ ಎರಡು ಪ್ರತಿಮೆಗಳು ಹಳೆಯ ಕೊಠಡಿ ಸಂಗಾತಿಗಳಾದ ಲಾಂಗ್ ಮತ್ತು ಸ್ಟೀಫನ್ಸ್ ಅವರವೇ.

ನಾವು ಜುಲೈ 1ರಂದು ಡಾ. ಬಿ.ಸಿ. ರಾಯ್ ಅವರ ಸ್ಮರಣೆಯಲ್ಲಿ ವೈದ್ಯರ ದಿನ ಆಚರಿಸುವಂತೆ, ಅಮೆರಿಕದವರು ವೆನಬಲ್‌ನ ಗಂಟು ತೆಗೆದ ಮಾರ್ಚ್ 30ರಂದೇ ಅದನ್ನು ಆಚರಿಸುತ್ತಾರೆ. 1933ರಲ್ಲಿ ಇದನ್ನು ಆರಂಭಿಸಿದವರು ಜೆಫರ್ಸನ್ನಿಗೆ ಸಮೀಪದ ವಿಂಡರ್ ಊರಿನ ವೈದ್ಯರೊಬ್ಬರ ಪತ್ನಿ ಯುಡೋರಾ ಬ್ರೌನ್ ಆಲ್ಮಂಡ್. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ: ಲೇಖನದ "ಮೊದಲು" ಎಂಬ ಮಾತನ್ನು "ಮೊದಲು ಸಾರ್ವಜನಿಕವಾಗಿ" ಎಂದು ತಿದ್ದಿ ಒಂದು ಸಾಲಿನ ಸ್ಪಷ್ಟೀಕರಣ ಪ್ರಕಟಿಸಬೇಕು. ಶಾಲಾ ಮಕ್ಕಳು ಕತ್ತರಿಸಿ ಅಂಟಿಸಿಟ್ಟುಕೊಳ್ಳುವ ಪುಟವಿದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರಿವಳಿಕೆ ತಜ್ಞೆ, ಸಾಗರ