ಬಿಟ್ಟಿ ಮನೆ ಬೇಡ ಅಂದವರು

ಮಾರಾಯಾ,

"ಮುಂಬೈಯಲ್ಲಿ ಸರಕಾರ ಬಿಟ್ಟಿ ಫ್ಲ್ಯಾಟ್ ಕೊಟ್ಟರೂ ಜನ ಫುಟ್‌ಪಾತ್ ಬಿಟ್ಟು ಏಳಲಿಲ್ಲವಂತೆ, ಎಂಥ ದುರಾಸೆ" ಅಂತ ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋ ನೋಡಿ ಕೇಳಿದ್ದೆಯಲ್ಲ. ಫೋನಿನಲ್ಲಿ ಮಾತಾಡಿದರೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳುತ್ತಿರುವುದು ಮಾಹುಲ್ ವಿಷಯ. ತಾನ್ಸಾ ಜಲಾಶಯದಿಂದ ಮುಂಬೈಗೆ ನೀರು ತರುವ ದೈತ್ಯ ಪೈಪುಗಳು ಇಲ್ಲಿ ಎಷ್ಟೋ ಕಡೆ ನೆಲದ ಮೇಲೆಯೇ ಹೋಗುತ್ತವೆ. ಅವುಗಳಿಗೆ ಒರಗಿಕೊಂಡೇ ಜೋಪಡಿಗಳು. ಪೈಪಿನ ಎರಡೂ ಬದಿ 10 ಮೀಟರ್ ಜಾಗ ತೆರವು ಮಾಡಿ ಅಂತ ಹೈಕೋರ್ಟ್ ಹೇಳಿತು. ಅದರಲ್ಲಿ ತಪ್ಪೇನಿಲ್ಲ, ಊರೇ ಕುಡಿಯುವ ನೀರು. ಹಳೆಯ ದಾಖಲೆ ಇದ್ದವರಿಗೆ ಬದಲಿ ಮನೆ ಸಿಕ್ಕಿತು. ಎಲ್ಲಿ? ಚೆಂಬೂರಿನ ಆಚೆ ಮಾಹುಲ್‌ನಲ್ಲಿ. 7 ಮಹಡಿಯ 72 ಬಿಲ್ಡಿಂಗ್, 17 ಸಾವಿರಕ್ಕೂ ಜಾಸ್ತಿ ಮನೆ, ಒಂದೊಂದು 225 ಚದರ ಅಡಿ. ಸುತ್ತ ಎರಡು ರಿಫೈನರಿ, ಒಂದು ಗೊಬ್ಬರದ ಕಾರ್ಖಾನೆ, ಕೆಮಿಕಲ್ ತುಂಬಿದ ಟ್ಯಾಂಕುಗಳು.

ನಮ್ಮ ಬಿಲ್ಡಿಂಗಿಗೆ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳಿಗೂ ಅಲ್ಲಿಯ ಕೀಲಿ ಕೊಟ್ಟರು. ಯಾದಗಿರಿ ಕಡೆಯವಳು. ನೋಡಿಕೊಂಡು ಬಂದಳು. ಟೈಲ್ಸ್ ಇದೆಯಂತೆ, ಒಳಗೇ ಕಕ್ಕಸು ಇದೆಯಂತೆ. ಇಲ್ಲಿ ಅವಳು ಬೆಳಗಿನ ಜಾವ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದವಳು, ಆ ಬಾಗಿಲಿನ ಬೆಲೆ ನಿನಗಿಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಆದರೆ ಬಿಲ್ಡಿಂಗುಗಳ ನಡುವೆ ಸಂದು ಎಷ್ಟು ಕಿರಿದೆಂದರೆ ಹಾಡುಹಗಲೇ ಟ್ಯೂಬ್‌ಲೈಟ್ ಹಾಕಬೇಕು. ಕಿಟಕಿ ತೆಗೆದರೆ ಗ್ಯಾಸ್ ಸೋರಿದ ಹಾಗೆ ವಾಸನೆ. "ಮನಿ ಛಂದ ಅದರಿ ಅಣ್ಣಾ, ಆದ್ರ ಅಲ್ಲಿ ಕುಂತು ಏನ್ ತಿನ್ನಬೇಕ್ರಿ?" ಅಂದಳು. ಅವಳು ಕೆಲಸ ಮಾಡುವ ನಾಲ್ಕು ಮನೆಯೂ ಇಲ್ಲೇ. ಮಾಹುಲ್‌ನಿಂದ ಸ್ಟೇಷನ್‌ಗೆ ಬರಲೇ ಬಸ್ ಹಿಡಿಯಬೇಕು. ಏಳು ಗಂಟೆಗೆ ಯಾರ ಮನೆ ಪಾತ್ರೆ ತೊಳೆಯುವುದು?

ಇದು ಅವಳೊಬ್ಬಳ ಗೊಣಗಾಟ ಅಂದುಕೊಳ್ಳಬೇಡ. ಆ ಭಾಗದ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯ ಇದೆ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. ಅದಾದ ಮೇಲೂ ಲಾರಿಗಳಲ್ಲಿ ಸಾಮಾನು ಹೇರಿ ಜನರನ್ನು ಅಲ್ಲಿಗೇ ಕಳಿಸಿದರು. ಹೋದವರಲ್ಲಿ ಕೆಮ್ಮು, ಉಬ್ಬಸ, ಚರ್ಮದ ತುರಿಕೆ. 2018ರ ಆಗಸ್ಟ್ 8ಕ್ಕೆ ಆ ಎರಡು ರಿಫೈನರಿಗಳಲ್ಲಿ ಒಂದಾದ ಬಿಪಿಸಿಎಲ್‌ನಲ್ಲಿ ಸ್ಫೋಟ ಆಗಿ ಬೆಂಕಿ ಬಿತ್ತು, ಹತ್ತಾರು ಕೆಲಸಗಾರರಿಗೆ ಗಾಯ. ಆ ವರ್ಷ ಅಕ್ಟೋಬರಿನಿಂದ ಮಾಹುಲ್ ಬಿಟ್ಟು ಬಂದವರು ಮುಂಬೈಯ ವಿದ್ಯಾವಿಹಾರದ ಫುಟ್‌ಪಾತಿನಲ್ಲಿ ಧರಣಿ ಕೂತರು. ನೀನು ನೋಡಿದ ಫೋಟೋ ಅದೇ ಇರಬೇಕು. ಮಳೆಗೆ ಪ್ಲಾಸ್ಟಿಕ್ ಹೊದ್ದುಕೊಂಡು ಯಾರಾದರೂ ದುರಾಸೆಗೆ ಕೂರುತ್ತಾರಾ?

ಎಲ್ಲರೂ ಸಾಚಾ ಅಂತ ನಾನೂ ಹೇಳುವುದಿಲ್ಲ. ಕೊಟ್ಟ ಮನೆಯನ್ನು ಬಾಡಿಗೆಗೆ ಬಿಟ್ಟು ಹಳೇ ಗಲ್ಲಿಗೆ ಬಂದವರೂ ಇದ್ದಾರೆ. ಅವರ ಮೇಲೂ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ, ಹೊಟ್ಟೆಪಾಡು ಹಳೇ ಗಲ್ಲಿಯಲ್ಲೇ ಉಳಿದಿರುತ್ತದೆ.

ಕೊನೆಗೆ 2019ರಲ್ಲಿ ಹೈಕೋರ್ಟು, ಮಾಹುಲ್‌ಗೆ ಹೋಗಿ ಅಂತ ಒತ್ತಾಯ ಮಾಡುವ ಹಾಗಿಲ್ಲ, ಬೇರೆ ಮನೆ ಕೊಡುವವರೆಗೆ ತಿಂಗಳಿಗೆ 15,000 ಬಾಡಿಗೆ, 45,000 ಡಿಪಾಸಿಟ್ ಕೊಡಿ ಅಂತ ಆದೇಶ ಮಾಡಿತು. ಮನೆ ಬೇಡ ಅಂದವರ ಕಾರಣ ಕೋರ್ಟಿಗೆ ಅರ್ಥ ಆಯಿತು, ನಿನ್ನ ವಾಟ್ಸಾಪ್ ಗುಂಪಿಗೆ ಆಗಲಿಲ್ಲ.

ಇನ್ನೊಂದು ಕತೆ ಕೇಳು, ಇದು ತೀರಾ ಈಚಿನದು. ಮಾಹುಲ್‌ನಲ್ಲಿ ಖಾಲಿ ಬಿದ್ದ ಮನೆಗಳಲ್ಲಿ ಸುಮಾರು 9,000ವನ್ನು ಮುಂಬೈ ಪಾಲಿಕೆ 2025ರಲ್ಲಿ ತನ್ನ ನೌಕರರಿಗೇ ಮಾರಲು ಹೊರಟಿತು. ಬೆಲೆ 12.60 ಲಕ್ಷ. ಮುಂಬೈಯಲ್ಲಿ ಆ ದುಡ್ಡಿಗೆ ಮನೆ ಅಂದರೆ ನೂಕುನುಗ್ಗಲು ಆಗಬೇಕಿತ್ತು, ಅಲ್ವಾ? ಬಂದ ಅರ್ಜಿ ತೀರಾ ಕಡಿಮೆ. ತಿಂಗಳ ಸಂಬಳ ಇರುವವರು ಬೇಡ ಅಂದದ್ದಕ್ಕೆ ಯಾರೂ ದುರಾಸೆ ಅನ್ನಲಿಲ್ಲ. ಯಾಕೆ ಅಂತ ನೀನೇ ಬರೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಹಳೇ ಜಗಳಗಂಟ ಗೆಳೆಯ