ಸೆಂಟ್ರಲ್ ವ್ಯಾಕ್ಯೂಮ್: ಗಿಲಾವಿಗೆ ಮೊದಲೇ ಪೈಪು ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಬೆಳಗಾವಿ, ವಿಜಯಪುರ, ಬಾಗಲಕೋಟೆಯ ನವನಗರದಲ್ಲಿ ದೊಡ್ಡ ಮನೆ ಕಟ್ಟಿಸುವ ಕೆಲವರು ಸೆಂಟ್ರಲ್ ವ್ಯಾಕ್ಯೂಮ್ ಬೇಕೆನ್ನುತ್ತಾರೆ. ಮೋಟರು ಮತ್ತು ಧೂಳಿನ ಡಬ್ಬಿ ಒಂದು ಮೂಲೆಯಲ್ಲಿ, ಗೋಡೆಯೊಳಗೆ ಪೈಪು, ಅಲ್ಲಲ್ಲಿ ಒಂದೊಂದು ಬಾಯಿ. ಹೋಸ್ ಸಿಕ್ಕಿಸಿ ಕಸ ಎಳೆಯುವುದು. ಮೋಟರು ಕೆಟ್ಟರೆ ಬದಲಿಸಬಹುದು. ಪೈಪು ಹಾಗಲ್ಲ, ಗಿಲಾವು ಬಿದ್ದ ಮೇಲೆ ಗೋಡೆ ಒಡೆಯದೆ ಅದು ಕೈಗೆ ಸಿಗುವುದಿಲ್ಲ. ಆದರೂ ಬಹಳ ಕಡೆ ಗೌಂಡಿ ಕೆಲಸವೆಲ್ಲ ಮುಗಿದ ಮೇಲೆಯೇ ಇದರ ಮಾತು ಬರುತ್ತದೆ. ಮನೆ ಕಟ್ಟಿಸುವವರು, ಎಂಜಿನಿಯರರು ಗಮನಿಸಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ಗೋಡೆಯ ಲೆಕ್ಕ. ಇಟ್ಟಿಗೆ ಗೋಡೆಯಲ್ಲಿ ನೇರ ಮೇಲಕ್ಕೆ ಹೋಗುವ ಗಾಡಿ (ಪೈಪು ಕೂರಿಸಲು ಕೊರೆಯುವ ಕಾಲುವೆ) ಗೋಡೆಯ ದಪ್ಪದ ಮೂರನೇ ಒಂದು ಪಾಲಿಗಿಂತ, ಅಡ್ಡ ಹೋಗುವ ಗಾಡಿ ಆರನೇ ಒಂದು ಪಾಲಿಗಿಂತ ಆಳ ಇರಬಾರದು. 9 ಇಂಚಿನ ಗೋಡೆಯಲ್ಲಿ 3 ಇಂಚು ಆಳ ಕೊರೆಯಬಹುದು, 2 ಇಂಚಿನ ಪೈಪು ಮೇಲಕ್ಕೆ ಹೋಗುತ್ತದೆ. ಅಡ್ಡಕ್ಕೆ ಸಿಗುವುದು ಒಂದೂವರೆ ಇಂಚು ಮಾತ್ರ. ನಾಲ್ಕೂವರೆ ಇಂಚಿನ ಗೋಡೆಯಲ್ಲಂತೂ ಯಾವ ದಿಕ್ಕಿಗೂ ಕೊರೆಯುವಂತಿಲ್ಲ. ಹಾಗಾಗಿ ಅಡ್ಡ ಪೈಪು ನೆಲದ ಭರ್ತಿಯಲ್ಲಿ, ಫಾಲ್ಸ್ ಸೀಲಿಂಗಿನ ಮೇಲೆ ಇಲ್ಲವೇ ಡಕ್ಟಿನಲ್ಲಿ ಹೋಗಬೇಕು. ಸ್ಲ್ಯಾಬ್ ದಾಟುವ ಕಡೆ ಕಾಂಕ್ರೀಟ್ ಹಾಕುವ ಮುನ್ನವೇ 75 ಮಿಮೀ ಪೈಪಿನ ತುಂಡು ಇಟ್ಟು ದಾರಿ ಬಿಡಬೇಕು. ಆಮೇಲೆ ಬೀಮು ಕೊರೆಯುವುದು ಮನೆಗೇ ಕೇಡು.

ಇದಕ್ಕೆಂದೇ ಬರುವ ಪೈಪಿನ ಹೊರವ್ಯಾಸ 50.8 ಮಿಮೀ. ನೀರಿನ 50 ಮಿಮೀ ಪೈಪು ನೋಡಲು ಹಾಗೇ ಇದ್ದರೂ ಇದರ ಎಲ್ಬೋದಲ್ಲಿ (ತಿರುವಿನ ಜೋಡಣೆ) ಬಿಗಿಯಾಗಿ ಕೂರುವುದಿಲ್ಲ. ನೀರಿನ ಎಲ್ಬೋ ಹಾಕಿದರೆ ಜೋಡಣೆಯೊಳಗೆ ಮೆಟ್ಟಿಲು ಉಳಿದು ಕೂದಲು, ನೂಲು ಅಲ್ಲಿ ಸಿಕ್ಕಿಕೊಳ್ಳುತ್ತವೆ. ದೊಡ್ಡದಿದ್ದರೆ ಒಳ್ಳೆಯದೆಂದು 63 ಮಿಮೀ ಹಾಕುವವರೂ ಇದ್ದಾರೆ. ಪೈಪು ಅಗಲವಾದಷ್ಟೂ ಗಾಳಿಯ ವೇಗ ಇಳಿಯುತ್ತದೆ, ಮರಳು, ಹರಳು ದಾರಿಯಲ್ಲೇ ಕೂರುತ್ತವೆ.

90 ಡಿಗ್ರಿಯ ಗಿಡ್ಡ ಎಲ್ಬೋ ಬರಬೇಕಾದದ್ದು ಗೋಡೆಯ ಬಾಯಿಯ ಹಿಂದೆ ಮಾತ್ರ. ಉದ್ದನೆಯ ವಸ್ತು ಒಳಗೆ ಹೋದರೆ ಅಲ್ಲೇ ಸಿಕ್ಕಿ ಕೈಗೆ ಸಿಗುತ್ತದೆ. ಉಳಿದೆಲ್ಲ ತಿರುವಿಗೆ ಉದ್ದ ಬಾಗಿನ ಎಲ್ಬೋ, ಇಲ್ಲವೇ 45 ಡಿಗ್ರಿಯವು ಎರಡು. ಮಲಗಿದ ಮುಖ್ಯ ಪೈಪಿನಿಂದ ಕವಲನ್ನು ಮೇಲಿನಿಂದಲೋ ಪಕ್ಕದಿಂದಲೋ ತೆಗೆಯಬೇಕು, ಅಡಿಯಿಂದ ತೆಗೆದರೆ ಹಾದುಹೋಗುವ ಕಸವೆಲ್ಲ ಅದರೊಳಗೆ ಬೀಳುತ್ತದೆ. ಪೈಪನ್ನು ನೇರವಾಗಿ ಕತ್ತರಿಸಿ ಒಳಅಂಚಿನ ಸಿಬಿರು ಕೆರೆದು ತೆಗೆಯಿರಿ. ಸಾಲ್ವೆಂಟನ್ನು, ಅಂದರೆ ಪೈಪು ಅಂಟಿಸುವ ದ್ರಾವಣವನ್ನು, ಪೈಪಿನ ಹೊರಮೈಗಷ್ಟೇ ಹಚ್ಚಬೇಕು. ಫಿಟ್ಟಿಂಗಿನ ಒಳಗೆ ಹಚ್ಚಿದರೆ ಪೈಪು ಅದನ್ನು ಮುಂದಕ್ಕೆ ದೂಡಿ, ಆರಿದ ಮೇಲೆ ಗಟ್ಟಿ ಏಣು ಉಳಿಯುತ್ತದೆ. ವರ್ಷಗಟ್ಟಲೆ ಕಾಡುವುದು ಇದೇ ಏಣು.

30 ಅಡಿಯ ಹೋಸಿಗೆ ಸುಮಾರು 600ರಿಂದ 700 ಚದರ ಅಡಿಗೆ ಒಂದು ಬಾಯಿ ಸಾಕು. ನಕ್ಷೆಯ ಮೇಲೆ ಅಳೆಯಬೇಡಿ, ಕಟ್ಟಿದ ಗೋಡೆಗಳ ನಡುವೆ 30 ಅಡಿಯ ಹಗ್ಗ ಎಳೆದು, ಬಾಗಿಲು, ಮಂಚ, ಕಪಾಟು ಸುತ್ತಿ ಮೂಲೆ ಮುಟ್ಟುತ್ತದೆಯೇ ನೋಡಿ. ಪೈಪಿನ ಜೊತೆ ಹೋಗುವ ಎರಡೆಳೆಯ ವೈರು ಮೋಟರು ಚಾಲು ಮಾಡಲಿಕ್ಕೆ, ಅದರಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತದೆ. 230 ವೋಲ್ಟಿನ ವೈರಿನ ಜೊತೆ ಅದೇ ಕಾಂಡ್ಯೂಟಿನಲ್ಲಿ (ವೈರು ಎಳೆಯುವ ಕೊಳವೆ) ಇದನ್ನು ಎಳೆಯಲೇಬಾರದು.

ಈಗ ಪರೀಕ್ಷೆ. ಮೋಟರಿನ ಬಾಯಿಗೇ ವ್ಯಾಕ್ಯೂಮ್ ಗೇಜು (ಎಳೆತ ಅಳೆಯುವ ಮಾಪಕ) ಹಿಡಿದು ಅಂಕಿ ಬರೆದುಕೊಳ್ಳಿ. ಪೈಪು ಜೋಡಿಸಿ, ಉಳಿದ ಬಾಯಿಗಳನ್ನೆಲ್ಲ ಮುಚ್ಚಿ, ಕಟ್ಟಕಡೆಯ ಬಾಯಿಯಲ್ಲಿ ಮತ್ತೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಳಿದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಸಾಬೂನು ನೀರು ಇಲ್ಲಿ ಗುಳ್ಳೆ ಏಳಿಸುವುದಿಲ್ಲ, ಒಳಗೆ ಎಳೆದುಹೋಗುತ್ತದೆ. ಸಾಲ್ವೆಂಟ್ ಪೂರ್ತಿ ಆರಿ ವಾಸನೆ ಹೋದ ಮೇಲೆ ಊದಿನಕಡ್ಡಿ ಹಿಡಿದು ಜೋಡಣೆಗಳ ಬಳಿ ಹೋಗಿ, ಹೊಗೆ ಒಳಕ್ಕೆ ಎಳೆದ ಕಡೆಯೇ ಸೋರಿಕೆ. ಸರಿಯಾದ ಮೇಲೆ ಪ್ರತಿ ಗೋಡೆಗೆ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ. ಗುತ್ತಿಗೆದಾರರು ಇಷ್ಟನ್ನೂ ಮಾಡದೆ ಗಿಲಾವಿಗೆ ಕೈಹಾಕಿದರೆ ಮಾಲೀಕರು ಒಪ್ಪಬಾರದು.

ಮೋಟರನ್ನು ಮಾಳಿಗೆಯ ಮೇಲೆ ತಗಡಿನ ಕೆಳಗೆ ಇಡಬೇಡಿ. ವಿಜಯಪುರದ ಬ್ಯಾಸಿಗೆಯಲ್ಲಿ ಬಿಸಿಯಾಗಿ ಮತ್ತೆ ಮತ್ತೆ ತಾನೇ ನಿಲ್ಲುತ್ತದೆ. ಪಾವಟಿಗೆಯ ಕೆಳಗೆ, ಗಾಳಿಯಾಡುವ ಜಾಗ ಒಳ್ಳೆಯದು. 1600 ವ್ಯಾಟಿನದು 7 ಆಂಪಿಯರ್ ಎಳೆಯುತ್ತದೆ. ಪ್ರತ್ಯೇಕ 16 ಆಂಪಿಯರ್ ಪಾಯಿಂಟು, 2.5 ಚದರ ಮಿಮೀ ತಾಮ್ರದ ವೈರು, ಅರ್ಥಿಂಗ್ ಬೇಕು. ಅಮೆರಿಕದಲ್ಲಿರುವ ಮಕ್ಕಳು ಯಂತ್ರ ಕಳಿಸಿದರೆ ಮೊದಲು ಅದರ ಮೇಲೆ ವೋಲ್ಟ್ ಬರೆದಿರುವ ಪಟ್ಟಿ ಓದಿ. 120 ವೋಲ್ಟಿನದನ್ನು ನಮ್ಮ 230ಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ.

ಹೊಸ ಮನೆಯ ಸಿಮೆಂಟ್ ಧೂಳನ್ನು ಇದರಿಂದ ಎಳೆಯಬಾರದು. ರಂಗೋಲಿ ಪುಡಿಯೂ ಕಲ್ಲಿನ ನುಣ್ಣನೆ ಹುಡಿಯೇ, ಫಿಲ್ಟರಿನ ರಂಧ್ರ ಮುಚ್ಚುತ್ತದೆ, ಕಸಬರಿಗೆಯಿಂದ ಗುಡಿಸಿಬಿಡಿ. ಒದ್ದೆ ನೆಲದ ಕಸವಂತೂ ಬೇಡವೇ ಬೇಡ, ನಮ್ಮ ಎರಿ ಮಣ್ಣು ಹಸಿಯಾಗಿ ಪೈಪಿಗೆ ಮೆತ್ತಿದರೆ ಆರಿ ಕಲ್ಲಾಗುತ್ತದೆ. ಧೂಪದ ಬಿಸಿ ಬೂದಿ ಡಬ್ಬಿಗೆ ಬೆಂಕಿ ಹಚ್ಚೀತು. ಡಬ್ಬಿ ಮೂರು ತಿಂಗಳಿಗೊಮ್ಮೆ ಖಾಲಿ ಮಾಡಿ, ಬಯಲುಸೀಮೆಯ ಧೂಳಿಗೆ ಇನ್ನೂ ಬೇಗ. ಹೊರಗೆ ಗಾಳಿ ಬಿಡುವ ಬಾಯಿಗೆ ತಾನೇ ಮುಚ್ಚುವ ಮುಚ್ಚಳವಿರಲಿ, ಇಲ್ಲದಿದ್ದರೆ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತದೆ.

ಎಳೆತ ಕಡಿಮೆಯಾದಾಗ ಹೋಸ್ ತೆಗೆದು ಬಾಯಿಯಲ್ಲೇ ನೋಡಿ. ಅಲ್ಲಿ ಜೋರಿದ್ದರೆ ಹೋಸಿನಲ್ಲೇ ಕಟ್ಟಿದೆ. ಎಲ್ಲ ಬಾಯಿಯಲ್ಲೂ ಕಡಿಮೆಯಿದ್ದರೆ ಡಬ್ಬಿ, ಫಿಲ್ಟರು ನೋಡಿ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಅದರ ಹಿಂದಿನ ಎಲ್ಬೋದಲ್ಲಿ ಹೇರ್‌ಪಿನ್ನೋ ಕಸಬರಿಗೆ ಕಡ್ಡಿಯೋ ಇರುತ್ತದೆ. ಕಬ್ಬಿಣದ ಸರಳು ಹಾಕಿ ತಿವಿಯಬೇಡಿ, ಪೈಪು ತೂತಾದೀತು. ಒಂದು ಬಾಯಿಯಿಂದ ಮಾತ್ರ ಮೋಟರು ಚಾಲು ಆಗದಿದ್ದರೆ ಅಲ್ಲಿನ ವೈರು ಸಡಿಲಾಗಿದೆ. ಹೋಸ್ ತೆಗೆದರೂ ನಿಲ್ಲದಿದ್ದರೆ ಎರಡೆಳೆ ಒಂದಕ್ಕೊಂದು ತಾಗಿರಬಹುದು, ಗೋಡೆಗೆ ಹೊಸದಾಗಿ ಹೊಡೆದ ಮೊಳೆಯಿಂದ ಶುರು ಮಾಡಿ ಹುಡುಕಿ.

ಕಿಡಿ ಹೆಚ್ಚಾಗಿ, ಸುಟ್ಟ ವಾಸನೆ ಬಂದರೆ ಕರೆಂಟು ತೆಗೆದು ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿಸಿ. ಸವೆದು 1 ಸೆಂಮೀಗಿಂತ ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಬ್ರಷ್ ಉಜ್ಜುವ ತಾಮ್ರದ ಉಂಗುರ, ಅಂದರೆ ಕಮ್ಯುಟೇಟರಿನಲ್ಲಿ ಗೆರೆ ಬಿದ್ದಿದ್ದರೆ ಲೇತಿನಲ್ಲಿ ಸವರಿಸಬಹುದು, ಆ ಕೈಚಳಕದವರು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿದ್ದಾರೆ. ಕೀರಲು ಸದ್ದು ಬಂದರೆ ಬೇರಿಂಗು ಹೋಗಿದೆ. ಅದನ್ನು ಬೇಗ ಹಾಕಿಸಿದರೆ ಆರ್ಮೇಚರು (ಮೋಟರಿನ ತಿರುಗುವ ಸುರುಳಿ) ಉಳಿಯುತ್ತದೆ.

– ಮನೆಗಳ ಪೈಪಿಂಗ್, ವೈರಿಂಗ್ ಕೆಲಸಗಾರರು, ಬೆಳಗಾವಿ